ಆಟದ ಬಯಲೇ ಮೈಗೆ ಪಾಠಶಾಲೆ

"ಸಾಹೇಬ್ರ, ಇವ ಓಡಿದ್ರ ಸಾಕು, ಬೀಳ್ತಾನ್ರೀ. ಅದಕ್ಕ ಆಟಕ್ಕ ಕಳಸೂದ ಬಿಟ್ಟೀವಿ." ಮೂರನೆಯ ತರಗತಿಯ ಮಗನನ್ನು ಕರೆತಂದಿದ್ದ ಶಹಾಪುರ ಕಡೆಯ ತಾಯಿಯೊಬ್ಬರ ಮಾತಿದು. ಪರೀಕ್ಷಿಸಿ ನೋಡಿದೆ. ದೃಷ್ಟಿ, ಕೈಕಾಲುಗಳ ಶಕ್ತಿ ಎಲ್ಲವೂ ಸರಿಯಾಗಿದ್ದವು. ಹುಡುಗನಿಗೆ ಬೇಕಾಗಿದ್ದುದು ಔಷಧವಲ್ಲ, ಅಭ್ಯಾಸ. ಆಟ ಬಿಡಿಸಿದ್ದೇ ತಪ್ಪಾಗಿತ್ತು.

ಓಡುವುದು, ಜಿಗಿಯುವುದು, ಎಸೆಯುವುದು, ಹಿಡಿಯುವುದು ವಯಸ್ಸಾದಂತೆ ತಾವಾಗಿಯೇ ಹದಕ್ಕೆ ಬರುವುದಿಲ್ಲ. ಕಣ್ಣು, ಒಳಕಿವಿ, ಸ್ನಾಯು ಹಾಗೂ ಕೀಲುಗಳಿಂದ ಬರುವ ಸೂಚನೆಗಳನ್ನು ಮೆದುಳು ಕೂಡಿಸಿಕೊಳ್ಳಬೇಕು. ತಪ್ಪಿದ ಹೆಜ್ಜೆಯನ್ನು ತಿದ್ದುವುದರಲ್ಲಿ ಚಿಕ್ಕಮೆದುಳಿನ ಪಾತ್ರ ದೊಡ್ಡದು. ಮತ್ತೆ ಮತ್ತೆ ಮಾಡಿದಾಗ ಮಾತ್ರ ಚಲನೆ ರೂಢಿಯಾಗುತ್ತದೆ. ಪ್ರಾಥಮಿಕ ಶಾಲೆಯ ವಯಸ್ಸು ಇದಕ್ಕೆ ಒಳ್ಳೆಯ ಕಾಲ.

ಗುಂಪಿನ ಆಟವೇ ಏಕೆ? ಅಲ್ಲಿ ಮರುಕ್ಷಣ ಏನಾಗುವುದೆಂದು ಮೊದಲೇ ತಿಳಿಯದು. ಖೋ ಖೋದಲ್ಲಿ 8 ಮಂದಿ ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ ಮುಖ ಮಾಡಿ ಕೂತಿರುತ್ತಾರೆ. 'ಖೋ' ಎಂಬ ಶಬ್ದ ಕಿವಿಗೆ ಬಿದ್ದೊಡನೆ ಎದ್ದು ಓಡಬೇಕು. ಕಬಡ್ಡಿಯಲ್ಲಿ ಮೈಯ ಸಮತೋಲ, ಲಗೋರಿಯಲ್ಲಿ ಗುರಿ ಹಾಗೂ ಬೆರಳುಗಳ ಹಿಡಿತ ಪಳಗುತ್ತವೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇದು ಹೆಣ್ಣುಮಕ್ಕಳಿಗೂ ಅನ್ವಯ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ನಮ್ಮ ಮಹಿಳೆಯರೂ ಗೆದ್ದರು. ಮನೆಗೆಲಸಕ್ಕೆಂದು ಮಗಳ ಆಟ ತಪ್ಪಿಸಬೇಡಿರಿ.

ಯಾದಗಿರಿ, ಶಹಾಪುರ, ಸುರಪುರದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದುಂಟು. ಆಗ ಬೆಳಿಗ್ಗೆ ಬೇಗ ಇಲ್ಲವೇ ಹೊತ್ತು ಇಳಿದ ಮೇಲೆ ಆಡಿಸಿರಿ. ನಡುನಡುವೆ ನೀರು ಕುಡಿಸಿರಿ. ಬಯಲಿನ ಕಲ್ಲು, ಜಾಲಿಮುಳ್ಳು ಮೊದಲೇ ಆರಿಸಿ ತೆಗೆಯಿರಿ. ಚೆನ್ನಾಗಿ ಆಡುವವರಷ್ಟೇ ಅಲ್ಲ, ಹಿಂದುಳಿದವರಿಗೂ ಸರದಿ ಸಿಗಲಿ. ಅಭ್ಯಾಸ ಹೆಚ್ಚು ಬೇಕಾದದ್ದು ಅವರಿಗೇ.

ಆದರೆ ಎಲ್ಲ ಬೀಳುವಿಕೆಯೂ ಅಭ್ಯಾಸದ ಕೊರತೆಯಲ್ಲ. ನೆಲದಿಂದ ಏಳಲು ತೊಡೆಯ ಮೇಲೆ ಕೈಯೂರುವ, ಒಂದೇ ಕಡೆಯ ಕೈಕಾಲು ಸೋಲುವ, ಮೊದಲು ಬರುತ್ತಿದ್ದುದನ್ನು ಮಾಡಲಾಗದ, ಆಡುವಾಗ ಎದೆನೋವು ಬರುವ ಅಥವಾ ಪ್ರಜ್ಞೆ ತಪ್ಪುವ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಿರಿ.

ಆ ಹುಡುಗ ಈಗ ಲಗೋರಿ ಆಡುತ್ತಾನೆ. ಬೀಳುವುದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಬಿದ್ದರೂ ತಾನೇ ಏಳುತ್ತಾನೆ, ಮತ್ತೆ ಓಡುತ್ತಾನೆ.