ನಿಮಗಿದು ಗೊತ್ತೇ? ಗೆಳೆಯನ ಜೊತೆ ಹಡಗೇರುವವರಿಗೆ

ಬೆಳಗಾವಿ ಜಿಲ್ಲೆಯ ನಮ್ಮ ಕೌಜಲಗಿಗೆ ಕಡಲು ದೂರ ಅನ್ನುತ್ತೀರಾ? ನಮ್ಮ ಭಾಗದ ಘಟಪ್ರಭಾ ಸ್ಟೇಶನ್ನಿನ ರೈಲು ಹಳಿ ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ನೇರ ಗೋವೆಯ ಮುರಗಾಂವ ಬಂದರಿಗೆ ಮುಟ್ಟುತ್ತದೆ. ಅಲ್ಲಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಬರುತ್ತವೆ.

ಕ್ರೂಸ್ ದರವನ್ನು ಸಾಮಾನ್ಯವಾಗಿ ಹೇಳುವುದೇ ಒಂದು ಕೋಣೆಗೆ ಇಬ್ಬರು ಎಂಬ ಲೆಕ್ಕದಲ್ಲಿ. ಒಬ್ಬರೇ ಹೊರಟರೆ ಎಷ್ಟೋ ಹಡಗುಗಳಲ್ಲಿ ಹೆಚ್ಚುಕಡಿಮೆ ಇಬ್ಬರ ಹಣ ತೆರಬೇಕಾಗುತ್ತದೆ. ದೋಸ್ತ ಜೊತೆಗಿದ್ದರೆ ಕಿಸೆಗೂ ಹಗುರ.

ನಮ್ಮ ಕಡೆಯವರಿಗೆ ಹಡಗಿನ ಪಯಣ ಹೊಸದಲ್ಲ. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು 1920ರ ದಶಕದಲ್ಲಿ ಕೇಂಬ್ರಿಡ್ಜಿಗೆ ಹೋಗಿ, ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ, ಮೊದಲ ದರ್ಜೆಯಲ್ಲಿ ತೇರ್ಗಡೆಯಾಗಿ ರ‍್ಯಾಂಗ್ಲರ್ ಆದರು. ಭಾರತ ಮತ್ತು ಇಂಗ್ಲೆಂಡಿನ ನಡುವೆ ಪ್ರಯಾಣಿಕರ ವಿಮಾನ ಶುರುವಾದದ್ದು 1929ರಲ್ಲಿ, ಅದೂ ಕರಾಚಿಯ ತನಕ. ಅವರ ಕಾಲದವರಿಗೆ ಹಡಗೇ ಗತಿ. ಮುಂದೆ ಅವರು ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳೂ ಪಂಜಾಬದ ರಾಜ್ಯಪಾಲರೂ ಆದರು. ಒಂದು ಹಳ್ಳಿಯ ಹುಡುಗ ಅಷ್ಟು ದೂರ ಕಡಲು ದಾಟಿದ್ದನ್ನು ನಮ್ಮ ಶಾಲೆಯ ಮಕ್ಕಳಿಗೆ ಇನ್ನೂ ಹೆಚ್ಚಾಗಿ ಹೇಳಬೇಕು.

ಹೆಸರಿನಲ್ಲೇ ಗೋಕಾಕ ಇಟ್ಟುಕೊಂಡ ಕವಿ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೊರಟದ್ದು 1936ರಲ್ಲಿ. ಆ ಪಯಣದ ಫಲವೇ ‘ಸಮುದ್ರ ಗೀತೆಗಳು’ ಮತ್ತು ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನ.

ಆ ಕಾಲದ ಹಡಗುಗಳಿಗೆ ದಾರಿ ಮಾಡಿಕೊಟ್ಟ ಸೂಯೆಜ್ ಕಾಲುವೆ ತೆರೆದದ್ದು 1869ರ ನವೆಂಬರ್ 17ರಂದು. ಈಗ ಅದರ ಉದ್ದ 193 ಕಿ.ಮೀ. ಅದಿಲ್ಲದಿದ್ದರೆ ಆಫ್ರಿಕಾವನ್ನೇ ಸುತ್ತಿ ಹೋಗಬೇಕಿತ್ತು.

ಗ್ರೀಕರ ಸಮುದ್ರದೇವತೆ ನಮ್ಮ ನೆರೆಯಲ್ಲೇ ಸಿಕ್ಕಿದ್ದಾನೆ! ಸಂಕೇಶ್ವರ, ನಿಪ್ಪಾಣಿ ದಾಟಿದರೆ ಕೊಲ್ಲಾಪುರ. ಅಲ್ಲಿ ಪಂಚಗಂಗಾ ದಂಡೆಯ ಬ್ರಹ್ಮಪುರಿ ದಿಬ್ಬವನ್ನು 1940ರ ದಶಕದಲ್ಲಿ ಅಗೆದಾಗ ಪೊಸೈಡನ್‌ನ ಪುಟ್ಟ ಕಂಚಿನ ಮೂರ್ತಿ ಹೊರಬಂತು. ಸಾತವಾಹನರ ಕಾಲದಲ್ಲಿ ರೋಮನ್ ವ್ಯಾಪಾರದ ಜೊತೆಗೆ ಬಂದದ್ದು ಅದು. ಈಗ ಅದು ಕೊಲ್ಲಾಪುರದ ಟೌನ್‌ಹಾಲ್ ವಸ್ತುಸಂಗ್ರಹಾಲಯದಲ್ಲಿದೆ. ಇತ್ತಲಿಂದ ಹೋದದ್ದೂ ಉಂಟು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪೊಂಪೈಯಲ್ಲಿ 1938ರಲ್ಲಿ ದಂತದ ಒಂದು ಹೆಣ್ಣುಬೊಂಬೆ ಸಿಕ್ಕಿತು. ಕೈತುಂಬ ಬಳೆ, ಕಾಲಿಗೆ ಕಡಗ, ಎರಡೂ ಮಗ್ಗುಲಿಗೆ ಒಬ್ಬೊಬ್ಬ ಪುಟ್ಟ ಸಖಿ. ಲೋಕ ಅದನ್ನು ‘ಪೊಂಪೈ ಲಕ್ಷ್ಮಿ’ ಎಂದು ಕರೆಯುತ್ತದೆ. ಅದೇ ಬಗೆಯ ಬೊಂಬೆಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ದನದಲ್ಲಿ ಸಿಕ್ಕಿರುವುದರಿಂದ ಇದೂ ದಖ್ಖನಿನದೇ ಇರಬೇಕೆಂದು ಹಲವು ವಿದ್ವಾಂಸರ ಊಹೆ. ಭೂಮಧ್ಯ ಸಮುದ್ರದ ಕ್ರೂಸಿನಲ್ಲಿ ಹಡಗು ನೇಪಲ್ಸಿನಲ್ಲಿ ನಿಂತಾಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಈ ತಾಯಿಯನ್ನು ಕಾಣದೆ ಬರಬೇಡಿ. ಹೊರಡುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಕೊಲ್ಲಾಪುರದ ಮೂರ್ತಿಯನ್ನೂ ನೋಡಿಬಿಟ್ಟರೆ ವ್ಯಾಪಾರದ ಎರಡೂ ತುದಿ ನೋಡಿದಂತಾಗುತ್ತದೆ.

ನಮ್ಮ ಬನವಾಸಿಯ ಹೆಸರೂ ಕ್ರಿ.ಶ. 2ನೇ ಶತಮಾನದ ಗ್ರೀಕ್ ವಿದ್ವಾಂಸ ಟಾಲೆಮಿಯ ಭೂಗೋಳದಲ್ಲಿದೆ.

ಈಜಿಪ್ತಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ರಾಜನೊಬ್ಬ ಆಡುವ ಮಾತುಗಳಿವೆ. ಅವು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ವಿದ್ವಾಂಸರಲ್ಲಿ ಈಗಲೂ ಒಮ್ಮತವಿಲ್ಲ.

ಹಡಗುಯಾನದ ಗೆಳೆತನಕ್ಕೆ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಗಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ. 12ನೇ ಶತಮಾನದಲ್ಲಿ ಈತ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ನೆಲೆಸಿದ್ದ. ಕಂಚಿನ ಕಾರ್ಖಾನೆ ನಡೆಸಿದ, ಇಲ್ಲಿನ ಆಶು ಎಂಬವಳ ಜೊತೆ ಬಾಳಿದ. ಏಡನ್ನಿನ ಗೆಳೆಯ ಮದ್ಮೂನ್ ಅವನಿಗೆ ಹಡಗಿನಲ್ಲಿ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಬಿಸಾಡಬಾರದೆಂಬ ಯಹೂದಿ ಕಟ್ಟಳೆಯಿಂದಾಗಿ ಇವರ ಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ಶತಮಾನಗಟ್ಟಲೆ ಉಳಿದವು. ಕೈರೋಗೆ ಹೋದವರು ಪಿರಮಿಡ್ಡುಗಳ ಜೊತೆ ಈ ಮಂದಿರವನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಟರ್ಕಿಯ ಎಫೆಸಸ್ ಒಂದು ಕಾಲಕ್ಕೆ ದೊಡ್ಡ ಬಂದರು. ನದಿ ಹೂಳು ತಂದು ತುಂಬಿ, ಕಡಲೇ ಹಲವು ಕಿ.ಮೀ. ಹಿಂದೆ ಸರಿಯಿತು. ಇಂದಿನ ಹಡಗುಗಳು ಕುಶಾದಾಸಿಯಲ್ಲಿ ನಿಲ್ಲುತ್ತವೆ. ಅಲ್ಲಿಂದ ಬಸ್ಸಿನಲ್ಲಿ ಹೋಗಬೇಕು.

ಕ್ರೂಸ್ ಪಟ್ಟಿಯಲ್ಲಿ ‘ರೋಮ್’ ಎಂದಿದ್ದರೆ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ. ನಗರಕ್ಕೆ 70 ಕಿ.ಮೀ.ಗೂ ಹೆಚ್ಚು ದಾರಿ. ಅಲೆಕ್ಸಾಂಡ್ರಿಯಾದಿಂದ ಕೈರೋಗೆ 200 ಕಿ.ಮೀ. ಮೀರುತ್ತದೆ. ಅಥೆನ್ಸಿಗೆ ಮಾತ್ರ ಪಿರೇಯಸ್ ಬಂದರು ಹತ್ತಿರ. ಸ್ವಂತ ಟ್ಯಾಕ್ಸಿ ಮಾಡಿಕೊಂಡು ಹೋದವರು ತಡಮಾಡಿದರೆ ಹಡಗು ಕಾಯುವುದಿಲ್ಲ. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ.

ಇನ್ನೊಂದು ಮಾತು ವೀಸಾದ್ದು. ಇಟಲಿ, ಗ್ರೀಸ್ ಎರಡಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಆದರೆ ನಡುವೆ ಟರ್ಕಿಗೋ ಈಜಿಪ್ತಿಗೋ ಹೋಗಿ ಮತ್ತೆ ಗ್ರೀಸಿಗೆ ಮರಳುವುದಿದ್ದರೆ ಅದು ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಅರ್ಜಿ ತುಂಬುವಾಗಲೇ ಬಹುಪ್ರವೇಶದ ವೀಸಾ ಕೇಳಿ. ಇಬ್ಬರೂ ಕೇಳಿ.