ದ್ರಾಕ್ಷಾತೋಟದ ಎಲ್ಲೆಯೂ ಹೆಸರೂ: ಫ್ರಾನ್ಸ್ ದೇಶದ ಎರಡು ಪದ್ಧತಿಗಳು

ಹೆಸರುವಾಸಿಯಾದ ತೋಟವೊಂದು ಹಿಸ್ಸೆಯಾದರೆ ಆ ಹೆಸರು ಯಾರಿಗೆ ಸಲ್ಲತಕ್ಕದ್ದು? ಎರಡು ತೋಟಗಳು ಕೂಡಿದರೆ ಯಾವ ಹೆಸರು ಉಳಿಯತಕ್ಕದ್ದು? ಫ್ರಾನ್ಸ್ ದೇಶದಲ್ಲಿ ದ್ರಾಕ್ಷಾಮದ್ಯದ ಕ್ರಯವು ಬಹುಮಟ್ಟಿಗೆ ಸೀಸೆಯ ಮೇಲಣ ಹೆಸರನ್ನು ಅನುಸರಿಸುವುದರಿಂದ, ಅಲ್ಲಿಯ ಬೇಸಾಯಗಾರರಿಗೆ ಇವು ಜೀವನೋಪಾಯದ ಪ್ರಶ್ನೆಗಳಾಗಿವೆ. ಎರಡು ಪ್ರಾಂತಗಳು ಇವಕ್ಕೆ ಎರಡು ಬಗೆಯ ಉತ್ತರಗಳನ್ನು ಕೊಟ್ಟಿವೆ.

ಬರ್ಗಂಡಿಯ ಪದ್ಧತಿ.— ಇಲ್ಲಿ ಹೆಸರು ನೆಲಕ್ಕೆ ಸೇರಿದುದು. ಕ್ಲೋ ದ ವೂಜೊ ಎಂಬ ತೋಟವನ್ನು ಸಿಟೋ ಮಠದ ಸಂನ್ಯಾಸಿಗಳು ಬೆಳೆಸಿ, ಸುತ್ತಲೂ ಕಲ್ಲುಗೋಡೆಯನ್ನು ಕಟ್ಟಿದರು. ಅದರ ವಿಸ್ತೀರ್ಣ ಸುಮಾರು 125 ಎಕರೆ. 1789ರಲ್ಲಿ ಆರಂಭವಾದ ಮಹಾಕ್ರಾಂತಿಯ ಕಾಲದಲ್ಲಿ ಮಠದ ಆಸ್ತಿಯು ಮುಟ್ಟುಗೋಲಾಯಿತು. 1889ರಲ್ಲಿ ತೋಟವು ಹಲವರಿಗೆ ವಿಕ್ರಯವಾಯಿತು. ಮಕ್ಕಳೆಲ್ಲರಿಗೂ ಸಮಭಾಗವನ್ನು ವಿಧಿಸುವ 1804ರ ಕಾನೂನಿನಿಂದ ಹಿಸ್ಸೆಗಳು ಮತ್ತಷ್ಟು ಹೆಚ್ಚಿ, ಈಗ ಸುಮಾರು 80 ಮಂದಿ ಹಕ್ಕುದಾರರಿದ್ದಾರೆ. ಗೋಡೆಯೊಳಗೆ ನಿಯಮಾನುಸಾರ ಬೆಳೆದವರೆಲ್ಲರೂ ಆ ಹೆಸರನ್ನು ಬಳಸಬಹುದು. ಆದರೆ ಮೇಲಣ ಇಳಿಜಾರಿನ ನೆಲದಲ್ಲಿ ನೀರು ಚೆನ್ನಾಗಿ ಬಸಿಯುತ್ತದೆ. ರಸ್ತೆಯ ಮಗ್ಗುಲಿನ ತಗ್ಗು ನೆಲದಲ್ಲಿ ತೇವ ನಿಲ್ಲುತ್ತದೆ. ಆದಕಾರಣ ಹೆಸರು ಒಂದಾದರೂ ಗುಣ ಒಂದಲ್ಲ.

ಬೋರ್ಡೋ ಪದ್ಧತಿ.— ಇಲ್ಲಿ ಹೆಸರು ಮನೆತನದ ತೋಟಕ್ಕೆ, ಎಂದರೆ ಒಡೆತನಕ್ಕೆ, ಸೇರಿದುದು. 1855ರಲ್ಲಿ ದರ್ಜೆ ಪಡೆದ ತೋಟದವರು ತಮ್ಮ ಹೋಬಳಿಯ ಮೇರೆಯೊಳಗೆ ನೆರೆಯ ನೆಲವನ್ನು ಕೊಂಡು ಸೇರಿಸಿಕೊಂಡರೂ ದರ್ಜೆ ಕೆಡುವುದಿಲ್ಲ. ಹೀಗೆ ಎಲ್ಲೆ ಸರಿಯುತ್ತದೆ, ಹೆಸರು ನಿಲ್ಲುತ್ತದೆ.

ಸೇಂತ್ ಎಮಿಲಿಯೋಂ ಎಂಬಲ್ಲಿ ಮಾತ್ರ ಕಟ್ಟು ಬಿಗಿಯಾಗಿದೆ. 1955ರಿಂದ ನಡೆದುಬಂದ ಅಲ್ಲಿಯ ದರ್ಜೆಪಟ್ಟಿಯು ಕಾಲಕಾಲಕ್ಕೆ ಪರಿಷ್ಕೃತವಾಗುತ್ತದೆ. ನೆಲವೂ ಪರಿಶೀಲನೆಗೆ ಒಳಪಡುತ್ತದೆ. ಬೋ ಸೇಜೂರ್ ಬೆಕೋ ತೋಟದವರು ತಮ್ಮ ಬೇರೆ ಎರಡು ತೋಟಗಳನ್ನು ಇದರೊಳಗೆ ಸೇರಿಸಿದ ಕಾರಣ, 1986ರ ಪಟ್ಟಿಯಲ್ಲಿ ತೋಟವು ಮೊದಲ ದರ್ಜೆಯಿಂದ ಇಳಿಯಿತು. 1996ರಲ್ಲಿ ಅದನ್ನು ಮರಳಿ ಪಡೆಯಿತು.

ಕೂಡಿಕೆಯ ಲಾಭನಷ್ಟ.— ಒಂದೇ ಒಡೆತನದ ತೋಟಗಳು ಕೂಡಿದರೆ ಆಳು, ಉಪಕರಣ, ಕಣಜಗಳ ವೆಚ್ಚ ಕಡಮೆಯಾಗುತ್ತದೆ. ಉತ್ತಮ ಫಲವನ್ನು ಆರಿಸಲು ಅವಕಾಶ ಹೆಚ್ಚುತ್ತದೆ. ಆದರೆ ಒಂದು ಹೆಸರು ಅಳಿಯುತ್ತದೆ. ಲಾ ತೂರ್ ಓಬ್ರಿಯೋಂ ಎಂಬ ಹೆಸರಿನ ಮದ್ಯವು 2005ರ ಫಸಲಿಗೆ ಕೊನೆಗೊಂಡು, ಆ ನೆಲವು ನೆರೆಯ ಲಾ ಮಿಸಿಯೋಂ ಓಬ್ರಿಯೋಂ ತೋಟದೊಳಗೆ ಲೀನವಾಯಿತು. 2012ರಲ್ಲಿ ಮೊದಲ ದರ್ಜೆಯ ಮಾಗ್ದಲೇನ್ ತೋಟವು ಬೆಲೇರ್ ಮೋನಾಂಜ್ ತೋಟದಲ್ಲಿ ಸೇರಿತು. ಬಳ್ಳಿಗಳು ನಿಂತಲ್ಲಿಯೇ ನಿಂತಿವೆ. ಆ ಫಲವನ್ನು ಹಳೆಯ ಹೆಸರಿನಿಂದ ಕೇಳಿ ಕೊಳ್ಳುವಂತಿಲ್ಲ.

ಸಾರಾಂಶ.— ಗೋಡೆಯಾಗಲಿ ಪಟ್ಟಿಯಾಗಲಿ ತಾನಾಗಿ ಗುಣವನ್ನು ಕೊಡಲಾರದು. ಅದು ಹೆಸರನ್ನು ಕಾಯುತ್ತದೆ, ಬೇಸಾಯವು ಗುಣವನ್ನು ಕಾಯಬೇಕು. ಊರಿನ ಹೆಸರಿನಿಂದ ಫಸಲನ್ನು ಮಾರುವ ಜಮೀನುದಾರರು ಹಿಸ್ಸೆಗೆ ಮೊದಲೂ ಕೂಡಿಕೆಗೆ ಮೊದಲೂ ಹೆಸರು ನೆಲಕ್ಕೆ ಸೇರಿದುದೋ ಒಡೆತನಕ್ಕೆ ಸೇರಿದುದೋ ಎಂಬುದನ್ನು ಬರಹದಲ್ಲಿ ನಿಶ್ಚಯಿಸಿಕೊಳ್ಳುವುದು ಕ್ಷೇಮಕರ. ಆ ಬಳಿಕ ವ್ಯಾಜ್ಯಕ್ಕೆ ಆಸ್ಪದ ಕಡಮೆ.