ಹುಳು ಹುಡುಕುವವರ ಹರಟೆ

ಹರಟೆಗೆ ಕನ್ನಡ ಸಾಹಿತ್ಯದಲ್ಲಿ ಗೌರವದ ಒಂದು ಮಣೆಯುಂಟು. ಕೃಷ್ಣರಾಜಪೇಟೆ ತಾಲ್ಲೂಕಿನವರು ಈ ವಿಷಯದಲ್ಲಿ ತುಸು ಜಂಬಪಟ್ಟರೂ ತಪ್ಪೆನ್ನಲಾಗದು. ‘ಹಗಲುಗನಸುಗಳು’ ಬರೆದ ಎ. ಎನ್. ಮೂರ್ತಿರಾಯರು ಹುಟ್ಟಿದ್ದು ಇದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ. ಆದರೆ ನಾನೀಗ ಹೇಳಹೊರಟಿರುವ ಹರಟೆ ಪುಸ್ತಕದ್ದಲ್ಲ. ಸಂಕ್ರಾಂತಿಯ ರಜೆಯಲ್ಲಿ, ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗುವ ದಾರಿಯ ಚಹದಂಗಡಿಯೊಂದರಲ್ಲಿ ಕಿವಿಗೆ ಬಿದ್ದದ್ದು.

ಕಬ್ಬು ಅರೆಯುವ ಕಾಲ. ಹೇರು ಹೊತ್ತ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದ್ದವು. ಗಾಳಿಯಲ್ಲಿ ಕಾಕಂಬಿಯ ಕಮಟು. ಬೆಂಚಿನ ಮೇಲೆ ಮೂವರು ತರುಣರು. ಅವರಲ್ಲಿ ಇಬ್ಬರು ಒಂದು ಕಾಲಕ್ಕೆ ನನ್ನ ತರಗತಿಯ ಹಿಂದಿನ ಬೆಂಚನ್ನು ಅಲಂಕರಿಸಿದ್ದವರು. ಈಗ ಬೆಂಗಳೂರಿನಲ್ಲಿ ಗಣಕಯಂತ್ರಗಳಿಗೆ ಕ್ರಮವಿಧಿ ಬರೆಯುವ ಉದ್ಯೋಗದಲ್ಲಿದ್ದಾರೆ. ನನ್ನನ್ನು ಕಂಡು ಎದ್ದು ನಿಂತರು, ಜಾಗ ಬಿಟ್ಟರು, ಒಂದು ಲೋಟ ಚಹ ಹೇಳಿದರು; ಆಮೇಲೆ ನಾನಿರುವುದನ್ನೇ ಮರೆತು ಮಾತಿಗಿಳಿದರು. ಮೇಷ್ಟರಿಗೆ ಇದಕ್ಕಿಂತ ಭಾಗ್ಯವಿಲ್ಲ.

“ಶುಕ್ರವಾರ ಸಾಯಂಕಾಲ ಆರ್ ಗಂಟೆಗೆ ಡಿಪ್ಲಾಯ್ ಮಾಡು ಅಂದ ಕಣ್ಲಾ. ಮಾಡ್ದೆ. ಸರ್ವರ್ ಮಕಾಡೆ ಮಲಗ್ತು.”

“ನಿನ್ ಮಿಷಿನ್ನಲ್ಲಿ ಓಡಿತ್ತಾ?”

“ಓಡಿತ್ತು ಕಣ್ಲಾ, ಚೆಂದಾಗೇ ಓಡಿತ್ತು.”

“ಹಂಗಾದ್ರೆ ಆ ಮಿಷಿನ್ನ ಟ್ರ್ಯಾಕ್ಟ್ರಿಗೆ ಹಾಕ್ಕೊಂಡು ಈ ಕಾರ್ಖಾನೆಗೇ ಹೊಡ್ಕೊಂಬಾ. ತೂಕಕ್ಕಾದ್ರೂ ದುಡ್ಡು ಬತ್ತದೆ.”

ಅಲ್ಲಿ ಮಗುಚಿ ಮಲಗಿದ ಯಂತ್ರ ಅಮೆರಿಕದ ಯಾವುದೋ ಅಂಗಡಿಯ ಲೆಕ್ಕ ನೋಡುವಂಥದು. ನಮ್ಮ ಗಡಿಯಾರ ನ್ಯೂಯಾರ್ಕಿನದಕ್ಕಿಂತ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದು. ಅವರಿಗೆ ಬೆಳಗಿನ ವ್ಯಾಪಾರ ತೊಡಗಿದಾಗ ನಮ್ಮ ಹುಡುಗನಿಗೆ ರಾತ್ರಿಯ ಊಟದ ಹೊತ್ತು. ಅವರ ಮಧ್ಯಾಹ್ನದ ತೊಂದರೆ ಇವನ ನಡುರಾತ್ರಿಯ ಜಾಗರಣೆ. “ಶಿವರಾತ್ರಿ ವರ್ಷಕ್ಕೊಂದು ಅಂತ ಪಾಠದಲ್ಲಿ ಹೇಳ್ಕೊಟ್ಟಿದ್ರಿ ಸಾ, ನಮಗೆ ವಾರಕ್ಕೊಂದು” ಎಂದ. ನಾನು ಹಾಗೆ ಹೇಳಿಕೊಟ್ಟ ನೆನಪಿಲ್ಲ.

ಕನ್ನಡದ ಅಧ್ಯಾಪಕನಾದುದರಿಂದ ನನ್ನ ಗಮನ ದೂರಿಗಿಂತ ಭಾಷೆಯ ಕಡೆಗೇ ಹರಿಯುತ್ತಿತ್ತು. ನಾಮಪದಗಳೆಲ್ಲ ಇಂಗ್ಲಿಷು, ಆದರೆ ಬಿಲ್ಡು ‘ಒಡೆದುಹೋಗುತ್ತದೆ’, ಸರ್ವರು ‘ಮಲಗುತ್ತದೆ’, ಕೋಡು ‘ಓಡುತ್ತದೆ’. ಕ್ರಿಯಾಪದ ಕನ್ನಡವನ್ನು ಬಿಟ್ಟು ಕದಲಿಲ್ಲ. ಪಕ್ಕದಲ್ಲಿ ಕುಳಿತ ರೈತರ ಬಾಯಲ್ಲಾದರೋ ನಾಮಪದವೂ ಪರಕೀಯವಾಗಿ ಉಳಿದಿಲ್ಲ: ಮೋಟರು ‘ಮೋಟ್ರು’, ಸ್ಟಾರ್ಟರು ‘ಸ್ಟಾಟ್ರು’, ತ್ರೀ ಫೇಸು ‘ತ್ರೀಪೇಸು’. ಕೇಶಿರಾಜನಿದ್ದಿದ್ದರೆ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣಕ್ಕೆ ನಾಲ್ಕು ಸೂತ್ರ ಸೇರಿಸದೆ ಈ ಬೆಂಚಿನಿಂದ ಏಳುತ್ತಿರಲಿಲ್ಲ.

ಕ್ರಮವಿಧಿಯಲ್ಲಿ ಸೇರಿದ ದೋಷಕ್ಕೆ ಅವರ ಪರಿಭಾಷೆಯಲ್ಲಿ ‘ಬಗ್’, ಎಂದರೆ ಹುಳು, ಎಂದು ಹೆಸರು. ತಲೆಗೆ ಹುಳು ಬಿಟ್ಟುಕೊಳ್ಳುವುದು ನಮಗೆ ಹಳೆಯ ನುಡಿ. ಯಂತ್ರದ ತಲೆಗೆ ಹುಳು ಬಿದ್ದದ್ದಕ್ಕೂ ಸಾಕ್ಷ್ಯವಿದೆ. 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ 2 ಎಂಬ ಗಣಕದ ರಿಲೇಯೊಂದರಲ್ಲಿ ಸತ್ತ ಪತಂಗ ಸಿಕ್ಕಿತು. ಅಲ್ಲಿನವರು ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿ, ನಿಜವಾದ ಹುಳು ಸಿಕ್ಕಿದ್ದು ಇದೇ ಮೊದಲು ಎಂದು ಬರೆದಿಟ್ಟರು. ಆ ಪದ ಅದಕ್ಕೂ ಮುಂಚೆಯೇ ಇತ್ತು. ಇಲ್ಲದಿದ್ದರೆ ಆ ಹಾಸ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ.

ನಗೆ ನಿಂತದ್ದು ಮೂರನೆಯವನ ಮಾತಿನಿಂದ. “ಎಂಟು ವರ್ಷದಿಂದ ಬರೀತಿದ್ದೀನಿ ಸಾ. ನಾನು ಬರೆದದ್ದರಲ್ಲಿ ಒಂದೂ ಈಗ ಓಡ್ತಿಲ್ಲ. ಒಂದನ್ನ ಅವರೇ ನಿಲ್ಸುದ್ರು, ಒಂದು ಸುರುವಾಗೋಕ್ ಮುಂಚೆನೇ ಬೇಡ ಅಂದ್ರು. ಅಪ್ಪ ನೆಟ್ಟ ತೆಂಗು ಇನ್ನೂ ಕಾಯಿ ಬಿಡ್ತಾ ಅವೆ.” ಯಾರೂ ಉತ್ತರ ಕೊಡಲಿಲ್ಲ. ವರ್ಷವರ್ಷವೂ ಅದೇ ಟಿಪ್ಪಣಿಗಳನ್ನು ಓದಿಸುವ ನನಗಂತೂ ಉತ್ತರ ಕೊಡುವ ಅಧಿಕಾರವೇ ಇರಲಿಲ್ಲ.

ಬಳಿಕ ಅವನೇ ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದ. ಒಳಗೆ ಬೆಂಕಿಪೊಟ್ಟಣದಷ್ಟು ಹಸಿರು ಫಲಕ, ಮೊಬೈಲಿನ ಸಿಮ್ ಕೂರುವ ಮತ್ತೊಂದು ಫಲಕ, ಎರಡು ರಿಲೇಗಳು, ಬೆಸುಗೆಯ ಸಣ್ಣ ಸಣ್ಣ ಬೆಳ್ಳಿಹನಿಗಳು. ಸಾಮಾನೆಲ್ಲ ಬೆಂಗಳೂರಿನ ಎಸ್. ಪಿ. ರಸ್ತೆಯದು. ಭಾನುವಾರಗಳಂದು ಬಾಡಿಗೆ ಕೋಣೆಯಲ್ಲಿ ಕುಳಿತು ಬೆಸೆದದ್ದಂತೆ. ಇಂಥ ಫಲಕಗಳ ಹವ್ಯಾಸ ಲೋಕವೆಲ್ಲ ಹಬ್ಬಲು ಮುಖ್ಯ ಕಾರಣವಾದ ‘ಆರ್ಡುಯಿನೊ’ 2005ರಲ್ಲಿ ಇಟಲಿಯ ಇವ್ರಿಯ ಪಟ್ಟಣದ ಶಾಲೆಯೊಂದರಲ್ಲಿ, ವಿದ್ಯುತ್ತಿನ ಶಾಸ್ತ್ರ ಓದದ ವಿದ್ಯಾರ್ಥಿಗಳಿಗೂ ಎಟುಕಲೆಂದು ಹುಟ್ಟಿತು. ಅದರ ನಕ್ಷೆಯನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು.

ಡಬ್ಬಿಯ ಕೆಲಸ ತಂದೆಯ ಕೊಳವೆಬಾವಿಯ ಮೋಟರನ್ನು ಮನೆಯಿಂದಲೇ ನಡೆಸುವುದು. ಒಂದು ರಿಲೇ ಸ್ಟಾರ್ಟರಿನ ಹಸಿರು ಗುಂಡಿಗೆ ಸಮಾನಾಂತರವಾಗಿ, ಇನ್ನೊಂದು ಕೆಂಪು ಗುಂಡಿಯ ಸಾಲಿನಲ್ಲಿ. ಮಿಸ್ಡ್ ಕಾಲ್ ಕೊಟ್ಟರೆ ಮೊದಲನೆಯದು ಒಂದು ಕ್ಷಣ ಕೂಡಿ ಬಿಡುತ್ತದೆ, ಬೆರಳು ಒತ್ತಿದಂತೆಯೇ. ನೀರು ಬತ್ತಿ ಮೋಟರು ಒಣಗಿ ತಿರುಗಿದರೆ ಎಳೆಯುವ ಕರೆಂಟು ಇಳಿಯುತ್ತದೆ. ಅದನ್ನು ಅಳೆದು ತಾನೇ ನಿಲ್ಲಿಸುತ್ತದೆ. 3.3 ವೋಲ್ಟಿನ ಚಿಪ್ಪೊಂದು 415 ವೋಲ್ಟಿನ ಮೋಟರನ್ನು ಆಳುವುದೆಂದರೆ, ಮಾವುತನ ಅಂಕುಶ ನೆನಪಾಗುತ್ತದೆ.

“ಇಂಥದು ಅಂಗಡಿಯಲ್ಲೇ ಸಿಗುತ್ತದಲ್ಲಪ್ಪ?” ಎಂದೆ.

“ಸಿಗ್ತದೆ ಸಾ. ಕೊಂಡ್ಕೊಂಡ್ರೆ ನಾನು ಮಾಡ್ದಂಗಾಗ್ತದಾ?”

ಪೇಟೆಯ ಓದುಗರಿಗೆ ಇದರ ತೂಕ ತಿಳಿಯಬೇಕಾದರೆ ಒಂದು ಮಾತು ಹೇಳಬೇಕು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತು ದಿನವಿಡೀ ಬರುವುದಿಲ್ಲ. ಪಾಳಿಯ ಮೇಲೆ ಕೆಲವು ಗಂಟೆ, ಎಷ್ಟೋ ಸಲ ರಾತ್ರಿ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳುಹಿಸಿದ್ದು ಈಗಿನ ಮಂಡ್ಯ ಜಿಲ್ಲೆಯ ನೆಲ. ಆ ನೆಲದ ರೈತ ಇಂದಿಗೂ ಒಂದು ಗುಂಡಿ ಒತ್ತಲು ಬ್ಯಾಟರಿ ಹಿಡಿದು ಎರಡು ಗಂಟೆ ರಾತ್ರಿಯಲ್ಲಿ ಬದುವಿನ ಮೇಲೆ ನಡೆಯುತ್ತಾನೆ. ಬದುವಿನಲ್ಲಿ ಕೊಳಕುಮಂಡಲ. ಕಬ್ಬಿನಲ್ಲಿ ಚಿರತೆ; ಕಟಾವಿನವರ ಕೈಗೆ ಚಿರತೆಯ ಮರಿಗಳು ಸಿಕ್ಕಿದವೆಂಬ ಸುದ್ದಿ ಈ ಜಿಲ್ಲೆಯಲ್ಲಿ ಯಾರನ್ನೂ ಈಗ ಬೆರಗುಗೊಳಿಸುವುದಿಲ್ಲ. ಆ ತಂದೆಗೆ ಅರವತ್ತು ದಾಟಿದೆ. ಒಂದು ಕಣ್ಣಿಗೆ ಪೊರೆ.

ಹವ್ಯಾಸವೆಂದು ನಾವು ಹಗುರವಾಗಿ ಕಾಣುವುದು ಹೀಗೆ ಒಮ್ಮೊಮ್ಮೆ ಗಟ್ಟಿ ನೆಲ ಮುಟ್ಟುತ್ತದೆ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರೇಷಕವೊಂದನ್ನು ಹೂಡಿ ಬಾನುಲಿ ತೊಡಗಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಬಂದದ್ದು ಆ ಮನೆಯಿಂದ. ಮನಶ್ಶಾಸ್ತ್ರದ ಮೇಷ್ಟರಿಗೆ ಆ ಕೆಲಸವನ್ನು ಯಾರೂ ವಹಿಸಿರಲಿಲ್ಲ.

ಆ ವಾರ ಹಗಲಿನ ಪಾಳಿ. ಮರುದಿನ ಸಂಜೆ ನಾನೂ ಅವರ ಹೊಲಕ್ಕೆ ಹೋದೆ. ಮಿಸ್ಡ್ ಕಾಲ್ ಹೋಯಿತು; ರಿಲೇ ಟಕ್ಕೆಂದಿತು; ಮೋಟರು ಗುಂಯ್ ಎಂದು ಎದ್ದು ಒಂದೇ ಕ್ಷಣದಲ್ಲಿ ನಿಂತಿತು. ಮತ್ತೆ ಮಾಡಿದ, ಮತ್ತೆ ಹಾಗೆಯೇ. ಹುಡುಗ ತೆಂಗಿನ ಬುಡದಲ್ಲಿ ಕುಳಿತು ಮಡಿಲ ಗಣಕವನ್ನು ತೆರೆದ. ಸ್ನೇಹಿತರಿಬ್ಬರೂ ಬಗ್ಗಿದರು. ಸಾಲು ಸಾಲು ತಿದ್ದಿದರು, ಕಾಲಮಾನ ಹೆಚ್ಚಿಸಿದರು, ಒಬ್ಬರ ತಪ್ಪನ್ನು ಒಬ್ಬರ ಮೇಲೆ ಹೊರಿಸಿದರು. ಒಂದು ಗಂಟೆ ಕಳೆಯಿತು. ಆಫೀಸಿನಲ್ಲಿ ಇವರು ಹೇಗಿರುತ್ತಾರೆಂಬುದನ್ನು ನಾನು ಕಂಡದ್ದು ಆಗಲೇ.

ತಂದೆ ಬೀಡಿ ಮುಗಿಸಿ ಎದ್ದು ಬಂದು ಹಸಿರು ಗುಂಡಿಯನ್ನು ತನ್ನ ಬೆರಳಿನಿಂದಲೇ ಒತ್ತಿದ. ಮೋಟರು ಎದ್ದಿತು, ಬೆರಳು ತೆಗೆದೊಡನೆ ನಿಂತಿತು. “ನಿನ್ ಡಬ್ಬಿದಲ್ಲ ಕಣ್ ಮಗಾ, ಸ್ಟಾಟ್ರದು” ಎಂದ. ಮೇನ್ ತೆಗೆದು, ಸ್ಟಾರ್ಟರಿನ ಮುಚ್ಚಳ ಬಿಚ್ಚಿದ. ಬೆರಳು ತೆಗೆದ ಮೇಲೂ ಕರೆಂಟನ್ನು ಹಿಡಿದು ನಿಲ್ಲಿಸಬೇಕಾದ ಸಣ್ಣ ತಾಮ್ರದ ತುಟಿಗಳ ನಡುವೆ ಇರುವೆಗಳು, ಹಿಂಡುಹಿಂಡಾಗಿ, ಸತ್ತವೂ ಬದುಕಿದವೂ. ಬಾಯಿಂದ ಊದಿದ, ಮರಳುಕಾಗದದ ಚೂರಿನಿಂದ ಉಜ್ಜಿದ. ಮುಂದಿನ ಕರೆಗೆ ನೀರು ಕಾಲುವೆಗೆ ಬಿತ್ತು.

“ಎಂಟು ವರ್ಷದಲ್ಲಿ ನೀ ಹಿಡಿದ ಮೊದಲನೇ ನಿಜವಾದ ಹುಳ” ಎಂದ ಸ್ನೇಹಿತ.

“ನಾನೆಲ್ಲಿ ಹಿಡ್ದೆ? ನಮ್ಮಪ್ಪ ಹಿಡೀತು.”

ತಿಂಗಳಾದ ಮೇಲೆ ಫೋನು ಮಾಡಿದ್ದ. ಡಬ್ಬಿ ನಡೆಯುತ್ತಿದೆಯಂತೆ, ಅಕ್ಕಪಕ್ಕದ ಹೊಲದವರು ನಮಗೂ ಒಂದು ಮಾಡಿಕೊಡೆಂದು ಕೇಳುತ್ತಿದ್ದಾರಂತೆ. ತಂದೆ ರಾತ್ರಿ ಹಾಸಿಗೆಯಿಂದಲೇ ಕರೆ ಕೊಡುತ್ತಾನೆ. ಕೊಟ್ಟ ಮೇಲೆ ಮಾತ್ರ ಎದ್ದು, ಬ್ಯಾಟರಿ ಹಿಡಿದು, ಜಗಲಿಯವರೆಗೆ ಬಂದು ನಿಲ್ಲುತ್ತಾನಂತೆ. ಗಾಳಿ ಅಡಗಿದ್ದರೆ ಅಲ್ಲಿಗೆ ನೀರು ಬೀಳುವ ಸದ್ದು ಕೇಳುತ್ತದೆ.